ಪಂಪ್‌ಶೆಡ್ಡಿನ ಹಲಗೆ ಮೇಲೆ ಸಿಳ್ಳಾರದ ಗೂಡು

ಅಣ್ಣ, ಪಂಪ್‌ಶೆಡ್ಡಿನ ಹಲಗೆ ಮೇಲೆ ಹಕ್ಕಿ ಗೂಡು ಕಟ್ಟಿದೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ಹೊತ್ತು, ಎತ್ತಿ ಹೊರಗಿನ ಮರಕ್ಕೆ ಕಟ್ಟಬಹುದಾ ಅಂತ ಕೇಳಿದ್ದೀರಿ. ಬೇಡವೇ ಬೇಡ.

ನಿಮ್ಮ ಫೋಟೊದಲ್ಲಿ ಹಣೆ ಮೇಲೆ, ಹೆಗಲ ಮೇಲೆ ಹೊಳೆಯುವ ನೀಲಿ ಚೆನ್ನಾಗಿ ಕಾಣುತ್ತಿದೆ. ಅದು ಸರಳೆ ಸಿಳ್ಳಾರ, ಮಲಬಾರ್ ವಿಸ್ಲಿಂಗ್ ಥ್ರಷ್. ಬೆಳಕು ಹರಿಯೋ ಮೊದಲೇ ಹಳ್ಳದ ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕಿದ ಹಾಗೆ ಕೇಳುತ್ತದಲ್ಲ, ಅದೇ.

ಇದು ಕೊಂಬೆಯಲ್ಲಿ ಗೂಡು ಕಟ್ಟುವ ಜಾತಿ ಅಲ್ಲ. ಹಳ್ಳದ ಬದಿಯ ಬಂಡೆ ಸಂದಿ, ಜಲಪಾತದ ಮಗ್ಗುಲಿನ ಚಾಚುಗಲ್ಲು ಇದರ ಜಾಗ. ಮಳೆ ತಾಗಬಾರದು, ನೀರು ಹತ್ತಿರ ಇರಬೇಕು. ನಿಮ್ಮ ಹಲಗೆ ಅದಕ್ಕೆ ಬಂಡೆಯೇ ಅಲ್ವಾ? ಬೇರು, ಪಾಚಿ, ಹುಲ್ಲು ಸೇರಿಸಿ ಕಟ್ಟಿದ ಗೂಡನ್ನು ಮಳೆಯಲ್ಲಿ ಮರಕ್ಕೆ ಕಟ್ಟಿದರೆ ನೆನೆದು ಹಾಳಾಗುತ್ತದೆ, ತಾಯಿ ಅಲ್ಲಿಗೆ ಬರುವುದೂ ಅನುಮಾನ. ಜೊತೆಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡಿದರೂ ಬೇಟೆ ಅಂತಲೇ ಲೆಕ್ಕ.

ಸಾಮಾನ್ಯವಾಗಿ ಎರಡು-ಮೂರು ಮೊಟ್ಟೆ, ಕಾವು 16-17 ದಿನ. ಮರಿ ಹಾರುವವರೆಗೆ ಇನ್ನೂ ಕೆಲವು ವಾರ ಬೇಕು. ಅಷ್ಟು ದಿನ ಮೈಲುತುತ್ತ, ಸುಣ್ಣ ಕಲಸೋ ಕೆಲಸ ಶೆಡ್ಡಿನಿಂದ ಆಚೆ ಇಟ್ಟುಕೊಳ್ಳಿ. ಔಷಧಿ ಪಂಪು, ಪೈಪು ಈಗಲೇ ಹೊರಗೆ ತೆಗೆದಿಡಿ. ಮೋಟಾರು ಹಾಕಲು ಹೋದರೆ ತೊಂದರೆ ಇಲ್ಲ, ಹೋಗಿ ಬೇಗ ಬನ್ನಿ. ಮೊಬೈಲು ಹಿಡಿದು ಸುಮ್ನೆ ಗೂಡಿನ ಹತ್ತಿರ ನಿಲ್ಲಬೇಡಿ. ಹಕ್ಕಿ ಒಳಗೆ ಬರುವ ಕಿಂಡಿ ಮುಚ್ಚಬೇಡಿ. ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೆ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನೋದು ಬರೀ ಮಾತು. ಬೆಕ್ಕಿನ ಮೇಲೆ ಮಾತ್ರ ಕಣ್ಣಿರಲಿ.

ನನಗೆ ಗೂಡಿಗಿಂತ ಹಳ್ಳದ ಚಿಂತೆ ಜಾಸ್ತಿ. ಈ ಹಕ್ಕಿಯ ಊಟ ಅಲ್ಲೇ ಇರೋದು: ಏಡಿ, ಕಪ್ಪೆ, ಬಸವನಹುಳು, ನೀರಿನ ಹುಳಹುಪ್ಪಟೆ. ಏಡಿಯನ್ನು ಕೊಕ್ಕಿನಲ್ಲಿ ಕಚ್ಚಿ ಕಲ್ಲಿಗೆ ಬಡಿಯುತ್ತದೆ, ಕಾಲು ಕಳಚಿದ ಮೇಲೆ ಮರಿಗೆ ಒಯ್ಯುತ್ತದೆ. ಇಲ್ಲಿ ತುಂಬಾ ಜನ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಕಲಸಿದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುತ್ತೀರಿ. ಮೈಲುತುತ್ತದಲ್ಲಿರೋ ತಾಮ್ರ ಏಡಿಗೂ ಗೊದಮೊಟ್ಟೆಗೂ ವಿಷ. ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದ ಮಣ್ಣಿಗೇ ಚೆಲ್ಲಿ.

ಮರಿ ಹಾರಿದ ಮೇಲೂ ಆ ಹಲಗೆ ಹಾಗೇ ಇರಲಿ. ಜಾಗ ಹಿಡಿಸಿದರೆ ಮುಂದಿನ ವರ್ಷವೂ ಅಲ್ಲಿಗೇ ಬರಬಹುದು. ಕೆಳಗೆ ಹಿಕ್ಕೆ ಬೀಳುತ್ತದೆ, ಸ್ಟಾರ್ಟರ್ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಬಿಡಿ. ಮೋಟಾರಿಗೆ ಗಾಳಿ ಆಡುವ ಜಾಗ ಮಾತ್ರ ಮುಚ್ಚಬೇಡಿ.