ಕಾಳುಮೆಣಸು ಲಂಕಾ ದಾರಿ ಹಿಡಿಯುವುದೇಕೆ?

ಪ್ರಶ್ನೆ: ಕಾಳುಮೆಣಸಿನ ಆಮದಿಗೆ ಶೇ 70 ಸುಂಕವಿದೆ, ಕೆ.ಜಿ.ಗೆ 500 ರೂಪಾಯಿಗಿಂತ ಅಗ್ಗದ ಮಾಲು ಬರುವಂತಿಲ್ಲ ಎನ್ನುತ್ತಾರೆ. ಹಾಗಿದ್ದೂ ಶ್ರೀಲಂಕಾ ಮೆಣಸು ಬರುವುದು ಹೇಗೆ? ವಿಯೆಟ್ನಾಂ ಮೆಣಸೇ ಲಂಕಾ ಹೆಸರಲ್ಲಿ ಬರುತ್ತದೆಯಂತಲ್ಲ?
– ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ಶೇ 70 ಎನ್ನುವುದು ನಮ್ಮೊಡನೆ ಒಪ್ಪಂದವಿಲ್ಲದ ದೇಶಗಳಿಗೆ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಡಿ ವಿಯೆಟ್ನಾಂ ಮೆಣಸಿಗೆ ಶೇ 50. ಲಂಕಾದೊಂದಿಗಿನ ಒಪ್ಪಂದ 2000ದ ಮಾರ್ಚ್‌ನಿಂದ ಜಾರಿಯಲ್ಲಿದ್ದು, ಅದರಡಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಅದಕ್ಕೂ ಮೇಲ್ಪಟ್ಟರೆ ಸಾಫ್ಟಾ (ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ) ಅಡಿ ಶೇ 8.

ಬಂದರಿಗೆ 500 ರೂಪಾಯಿಗೆ ಬಂದಿಳಿದ ಒಂದು ಕೆ.ಜಿ. ಮೆಣಸು ಮೂಲ ಸುಂಕ ಸೇರಿ ಲಂಕಾದ್ದಾದರೆ 500, ವಿಯೆಟ್ನಾಂನದ್ದಾದರೆ 750. ಕ್ವಿಂಟಲ್‌ಗೆ 25,000 ರೂಪಾಯಿ ಅಂತರ. ಊರು ಬದಲಿಸುವ ಆಸೆ ಹುಟ್ಟುವುದೇ ಇಲ್ಲಿ. ಅದನ್ನು ತಡೆಯಲೆಂದೇ, ಮಾಲು ಯಾವ ದೇಶದ್ದೆಂದು ನಿರ್ಧರಿಸುವ ‘ಮೂಲದ ನಿಯಮ’ಗಳಿವೆ: ಮೆಣಸು ಲಂಕಾದಲ್ಲೇ ಬೆಳೆದಿರಬೇಕು. ಹೊರಗಿನ ಮಾಲಾದರೆ ಅಲ್ಲಿ ಕನಿಷ್ಠ ಶೇ 35 ಮೌಲ್ಯ ಸೇರಬೇಕು, ಸುಂಕ ಪಟ್ಟಿಯಲ್ಲಿ ಮಾಲನ್ನು ಗುರುತಿಸುವ ನಾಲ್ಕಂಕಿ ಸಂಖ್ಯೆಯೂ ಬದಲಾಗಬೇಕು. ಇಡೀ ಕಾಳೂ ಪುಡಿಯೂ ಒಂದೇ 0904ರಲ್ಲಿ ಬರುವುದರಿಂದ ಒಣಗಿಸಿದರೂ, ಬೀಸಿದರೂ, ಚೀಲ ಬದಲಿಸಿದರೂ ವಿಯೆಟ್ನಾಂ ಮೆಣಸು ಲಂಕಾದ್ದಾಗದು. ಹಾಗೆ ತಂದರೆ ಅದು ಶುದ್ಧ ಮೋಸ.

2020ರ ಸೆಪ್ಟೆಂಬರ್‌ನಿಂದ ಮೂಲ ಪ್ರಮಾಣಪತ್ರವೊಂದೇ ಸಾಲದು. ಮಾಲು ಎಲ್ಲಿ, ಹೇಗೆ ತಯಾರಾಯಿತೆಂಬ ವಿವರವನ್ನು ಆಮದುದಾರ ಫಾರ್ಮ್ 1ರಲ್ಲಿ ಹೊಂದಿರಬೇಕು, ಐದು ವರ್ಷ ಕಾಪಿಡಬೇಕು. ಅನುಮಾನ ಬಂದರೆ ಕಸ್ಟಮ್ಸ್ ಅಧಿಕಾರಿ ಕೇಳಬಹುದು. ಸರಿಯಾದ ಉತ್ತರವಿಲ್ಲದಿದ್ದರೆ ರಿಯಾಯಿತಿ ಹೋಗುತ್ತದೆ.

ಇನ್ನು 500 ರೂಪಾಯಿ ಗೋಡೆ. 2017ರ ಡಿಸೆಂಬರ್‌ನಲ್ಲಿ ಕಟ್ಟಿದ್ದು. ಅದನ್ನು ದಾಟಲು ಅಗ್ಗದ ಮಾಲಿಗೆ ಬಿಲ್ಲಿನಲ್ಲಿ 500 ಎಂದು ಬೆಲೆ ಏರಿಸಿ ಬರೆಯಬಹುದು; ಸುಂಕವೇ ಇಲ್ಲದ ಮಾಲಾದರೆ ಹಾಗೆ ಬರೆದರೂ ಸುಂಕದ ನಷ್ಟವಿಲ್ಲ! ಶೇ 50 ಸುಂಕದ ಮಾಲಿಗೆ ಏರಿಸಿದ ಪ್ರತಿ ರೂಪಾಯಿಗೂ ಅರ್ಧ ರೂಪಾಯಿ ಸುಂಕ ಕಟ್ಟಬೇಕು. ನಮ್ಮ ಮಾರುಕಟ್ಟೆ 600 ದಾಟಿದಾಗಲಂತೂ ಈ ಗೋಡೆ ಯಾರನ್ನೂ ತಡೆಯದು. ಸಾರ ತೆಗೆದು ರಫ್ತು ಮಾಡುವವರಿಗೆ ಅಡ್ವಾನ್ಸ್ ಆಥರೈಸೇಶನ್ (ರಫ್ತು ಸರಕಿಗೆ ಬೇಕಾದ ಕಚ್ಚಾಮಾಲು ತರಿಸುವ ಪರವಾನಗಿ) ಅಡಿ ಈ ಗೋಡೆಯಿಂದ ವಿನಾಯಿತಿಯೂ ಇದೆ.

ಪ್ರಶ್ನೆ: ಹಾಗಾದರೆ ಮೆಣಸನ್ನು ಒಪ್ಪಂದದಿಂದ ಕೈಬಿಡಬಾರದೇಕೆ?
– ಓದುಗರು, ಸಕಲೇಶಪುರ

ಉತ್ತರ: ಒಬ್ಬರೇ ಕೈಬಿಡುವಂತಿಲ್ಲ. ನಮ್ಮ ಮಾಲಿಗೆ ಅಲ್ಲಿ ಸುಂಕ ಇಳಿಸಿಕೊಂಡದ್ದಕ್ಕೆ ನಾವು ಕೊಟ್ಟ ಬೆಲೆ ಇದು. ಹಿಂತೆಗೆದರೆ ಅವರೂ ಬೇರೇನನ್ನೋ ಹಿಂತೆಗೆಯುತ್ತಾರೆ. ಮಾತುಕತೆಯ ಹೊತ್ತಲ್ಲೇ ಹಿಡಿದಿಟ್ಟದ್ದು ಮಾತ್ರ ಉಳಿಯುತ್ತದೆ: ಆಸಿಯಾನ್ ಒಪ್ಪಂದದಲ್ಲಿ ಕಾಫಿ, ಚಹಾ, ಮೆಣಸು, ತಾಳೆ ಎಣ್ಣೆಯನ್ನು ವಿಶೇಷ ಪಟ್ಟಿಗೆ ಸೇರಿಸಿದ್ದರಿಂದಲೇ ಮೆಣಸಿನ ಸುಂಕ ಸೊನ್ನೆಗಿಳಿಯದೆ 50ಕ್ಕೆ ನಿಂತಿತು. ಬೆಳೆಗಾರರ ಸಂಘಗಳು ನಿಷೇಧಕ್ಕಿಂತ ಮೂಲ ತಪಾಸಣೆಗೆ, ಬಿಲ್ಲಿನ ಬೆಲೆಯನ್ನು ಕೊಲಂಬೊ ದರದೊಂದಿಗೆ ತಾಳೆ ನೋಡಲು ಒತ್ತಾಯಿಸುವುದು ಲೇಸು. ಅದಕ್ಕೆ ಒಪ್ಪಂದವನ್ನು ತಿದ್ದಬೇಕಾಗಿಯೂ ಇಲ್ಲ.