ಸೆವಿಲ್ ನಗರದಲ್ಲಿ ವಿದ್ಯಾರ್ಥಿಗಳ ಮೊದಲ ದಿನ

ಕರ್ನಾಟಕದಿಂದ ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಸ್ಪೇನಿನ ಸೆವಿಲ್‌ಗೆ ಕರೆದೊಯ್ಯುತ್ತಿರುವ ತಾವು, ಮೊದಲ ದಿನವೇ ಇಡೀ ಊರನ್ನು ತೋರಿಸಿ ಮರುದಿನ ಕಾರ್ಡೋಬಾಕ್ಕೆ ಹೊರಡಬಹುದೇ ಎಂದು ಕೇಳಿದ್ದೀರಿ. ಮರುದಿನ ಕಾರ್ಡೋಬಾಕ್ಕೆ ಧಾರಾಳವಾಗಿ ಹೋಗಬಹುದು. ಆದರೆ ಒಂದೇ ದಿನದಲ್ಲಿ ಸೆವಿಲ್ ಅನ್ನು ಮುಗಿಸುವ ಯೋಚನೆಯನ್ನು ಬಿಡಿ. ಯುರೋಪಿನಲ್ಲಿ ಓದುತ್ತಿದ್ದಾಗ ಸಹಪಾಠಿಗಳ ಗುಂಪಿನೊಂದಿಗೆ ಈ ನಗರವನ್ನು ನೋಡಿದವನಾಗಿ ಹೇಳುವುದಾದರೆ, ಆ ದಿನದ ಹಗಲನ್ನು ಆಲ್ಕಾಸರ್ ಅರಮನೆ, ಕ್ಯಾಥೆಡ್ರಲ್ ಮತ್ತು ಇಂಡೀಸ್ (ಸ್ಪೇನಿನ ಸಾಗರೋತ್ತರ ಸಾಮ್ರಾಜ್ಯ) ದಾಖಲೆಗಳ ಭಂಡಾರ ಇವಿಷ್ಟಕ್ಕೇ ಮೀಸಲಿಡುವುದು ಲೇಸು. 1987ರಲ್ಲಿ ಒಟ್ಟಾಗಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಮೂರೂ ಅಕ್ಕಪಕ್ಕದಲ್ಲೇ ಇರುವುದರಿಂದ ಬಸ್ಸಿನ ಗೊಡವೆ ಇರುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅರಮನೆಗೆ ಹೋಗಿ. ಸಮಯ ನಮೂದಿಸಿದ ಟಿಕೆಟನ್ನು ಮೊದಲೇ ಕಾದಿರಿಸಿ. ಇಡೀ ದಿನದಲ್ಲಿ ಹೆಚ್ಚು ಹೊತ್ತು ಸಲ್ಲಬೇಕಾದದ್ದು ಇಲ್ಲಿಗೇ. ಕ್ಯಾಸ್ಟೀಲ್ ರಾಜ್ಯದ ಕ್ರೈಸ್ತ ದೊರೆ ಒಂದನೆಯ ಪೆಡ್ರೊ 1360ರ ದಶಕದಲ್ಲಿ ಕಟ್ಟಿಸಿದ ಭಾಗದಲ್ಲಿ ಗಾರೆಯ ಸೂಕ್ಷ್ಮ ಕುಸುರಿ, ಬಣ್ಣದ ಹೆಂಚುಬಿಲ್ಲೆಗಳು, ಮರದ ಚಾವಣಿಗಳು ಎಲ್ಲವೂ ಇಸ್ಲಾಮೀ ಪರಂಪರೆಯವು. ಆಗ ಮುಸ್ಲಿಂ ರಾಜ್ಯವಾಗಿದ್ದ ಗ್ರಾನಡಾದ ಕುಶಲಕರ್ಮಿಗಳೂ ಇಲ್ಲಿ ದುಡಿದಿದ್ದಾರೆ, ಮತ್ತು ಗೋಡೆಯ ಮೇಲಿನ ಅರಬ್ಬಿ ಬರಹಗಳು ಆ ದೊರೆಯನ್ನು ಸುಲ್ತಾನನೆಂದೇ ಕರೆಯುತ್ತವೆ. ಅದೇ ಶತಮಾನದಲ್ಲಿ ವಿಜಯನಗರದ ಅರಸರು ‘ಹಿಂದೂರಾಯ ಸುರತ್ರಾಣ’ (ಹಿಂದೂ ರಾಜರಲ್ಲಿ ಸುಲ್ತಾನ) ಎಂಬ ಬಿರುದನ್ನು ಶಾಸನಗಳಲ್ಲಿ ಬರೆಸಿಕೊಂಡದ್ದನ್ನು ಓದಿರುವ, ಹಂಪಿಯ ಕಮಲ ಮಹಲಿನ ಇಸ್ಲಾಮೀ ಶೈಲಿಯ ಕಮಾನುಗಳನ್ನು ಕಂಡಿರುವ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯ ಬೀಳಲಾರದು. ಅರಮನೆಯ ಈ ಭಾಗದ ಕನ್ಯೆಯರ ಅಂಗಳದಲ್ಲಿ ಕೆಳ ಅಂತಸ್ತಿನ ಕಮಾನುಗಳನ್ನೂ, ಹದಿನಾರನೆಯ ಶತಮಾನದಲ್ಲಿ ಯುರೋಪಿನ ನವೋದಯ (ರಿನೆಸಾನ್ಸ್) ಶೈಲಿಯಲ್ಲಿ ಸೇರಿಸಿದ ಮೇಲಂತಸ್ತಿನ ಕಮಾನುಗಳನ್ನೂ ಒಂದೇ ಹಾಳೆಯಲ್ಲಿ ಬಿಡಿಸಲು ಹೇಳಿ. ಅಂಗಳದ ನಡುವಿನ ತಗ್ಗಿನ ತೋಟವು ಶತಮಾನಗಳ ಕಾಲ ಅಮೃತಶಿಲೆಯ ಹಾಸಿನಡಿ ಹೂತುಹೋಗಿ, ಈ ಶತಮಾನದ ಆರಂಭದ ಉತ್ಖನನದಲ್ಲಿ ಮತ್ತೆ ಬೆಳಕಿಗೆ ಬಂದದ್ದು.

ನಂತರ ಕ್ಯಾಥೆಡ್ರಲ್. 1248ರಲ್ಲಿ ನಗರವು ಮುಸ್ಲಿಂ ಆಳ್ವಿಕೆಯಿಂದ ಕ್ರೈಸ್ತರ ವಶವಾದ ಮೇಲೂ ಇಲ್ಲಿನ ದೊಡ್ಡ ಮಸೀದಿಯನ್ನೇ ಚರ್ಚಾಗಿ ಬಳಸುತ್ತಿದ್ದರು. ಅದನ್ನು ಕೆಡವಿ ಈಗಿನ ಕಟ್ಟಡ ಕಟ್ಟಲು ನಿರ್ಧರಿಸಿದ್ದು 1401ರಲ್ಲಿ. ಉಳಿದದ್ದು ಮುಖ್ಯವಾಗಿ ಕಿತ್ತಳೆ ಮರಗಳ ಅಂಗಳ ಮತ್ತು ಮಿನಾರು. ಆ ಮಿನಾರೇ ಇಂದಿನ ಹಿರಾಲ್ಡಾ ಗೋಪುರ: ಕೆಳಗಿನ ಇಟ್ಟಿಗೆಯ ಭಾಗ ಹನ್ನೆರಡನೆಯ ಶತಮಾನದ್ದು, ಮೇಲಿನ ಗಂಟೆಮನೆ ಹದಿನಾರನೆಯ ಶತಮಾನದ್ದು. ಒಳಗೆ ಹತ್ತಲು ಬಹುಪಾಲು ಮೆಟ್ಟಿಲುಗಳಿಲ್ಲ, 35 ಇಳಿಜಾರು ದಾರಿಗಳಿವೆ. ಕುದುರೆಯ ಮೇಲೆಯೇ ಏರಿಹೋಗಲೆಂದು ಹೀಗೆ ಕಟ್ಟಿದರೆನ್ನುತ್ತಾರೆ. ಕ್ಯಾಥೆಡ್ರಲ್ ಒಳಗಿರುವ ಕೊಲಂಬಸನ ಸಮಾಧಿಯ ಮುಂದೆ ಸದಾ ಜನಸಂದಣಿ ಇರುತ್ತದೆ, ಅದನ್ನು ನಡೆಯುತ್ತಲೇ ನೋಡಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಭಂಡಾರಕ್ಕೆ ಅರ್ಧ ಗಂಟೆ ಸಾಕು. ಕ್ಯಾಥೆಡ್ರಲ್‌ನ ಮೆಟ್ಟಿಲುಗಳ ಮೇಲೆಯೇ ವ್ಯಾಪಾರ ಕುದುರಿಸುತ್ತಿದ್ದ ವರ್ತಕರಿಗಾಗಿ ವಾಸ್ತುಶಿಲ್ಪಿ ಹುವಾನ್ ದೆ ಎರೆರಾ ರೂಪಿಸಿದ ಈ ಕಟ್ಟಡದಲ್ಲಿ 1785ರಿಂದ ಸ್ಪೇನಿನ ಸಾಗರೋತ್ತರ ಸಾಮ್ರಾಜ್ಯದ ಕಾಗದಪತ್ರಗಳನ್ನು ಇರಿಸಲಾಯಿತು.

ಮಧ್ಯಾಹ್ನ ವಿಶ್ರಾಂತಿ ಕೊಡಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಅಪರೂಪವಲ್ಲ. ಸಸ್ಯಾಹಾರಿಗಳಿಗೆ ಪಾಲಕ್ ಮತ್ತು ಕಾಬೂಲಿ ಕಡಲೆ ಸೇರಿಸಿ ಬೇಯಿಸಿದ, ಜೀರಿಗೆಯ ಘಮವಿರುವ ಸ್ಥಳೀಯ ಖಾದ್ಯ ಒಗ್ಗುತ್ತದೆ; ಸಾಲ್ಮೊರೆಹೊ ಎಂಬ ಟೊಮೆಟೊದ ತಣ್ಣನೆಯ ಗೊಜ್ಜಿನ ಮೇಲೆ ಸಾಮಾನ್ಯವಾಗಿ ಹಂದಿಮಾಂಸದ ಚೂರು ಮತ್ತು ಮೊಟ್ಟೆ ಉದುರಿಸುತ್ತಾರೆ, ಬೇಡವೆಂದು ಮೊದಲೇ ಹೇಳಬೇಕು.

ಬಿಸಿಲು ತಗ್ಗಿದ ಮೇಲೆ ಪ್ಲಾಸಾ ದೆ ಎಸ್ಪಾನ್ಯಾಗೆ ನಡೆದು ಹೋಗಿ. 1929ರ ಐಬೀರಿಯನ್-ಅಮೆರಿಕನ್ ವಸ್ತುಪ್ರದರ್ಶನಕ್ಕಾಗಿ ಅನಿಬಾಲ್ ಗೊನ್ಸಾಲೆಸ್ ರೂಪಿಸಿದ ಈ ಅರ್ಧವೃತ್ತಾಕಾರದ ಕಟ್ಟಡವನ್ನು ಹಲವರು ಮೊದಲು ನೋಡಿ ಚಿತ್ರ ತೆಗೆದು ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಅರಮನೆಯ ಹೆಂಚುಬಿಲ್ಲೆಗಳನ್ನೂ ಹಿರಾಲ್ಡಾದ ಇಟ್ಟಿಗೆಯನ್ನೂ ನೋಡಿದ ಕಣ್ಣಿಗಾದರೋ, ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿ ಎಲ್ಲಿಂದ ಏನನ್ನು ಎರವಲು ಪಡೆದನೆಂಬುದು ತಾನಾಗಿ ಗೋಚರಿಸುತ್ತದೆ. ರಾತ್ರಿಯೂಟ ಒಂಬತ್ತರ ಹೊತ್ತಿಗೆ ಸಿಗುವುದು ಅಲ್ಲಿನ ರೂಢಿಯಾದ್ದರಿಂದ ಅವಸರ ಬೇಡ.

ಕಾರ್ಡೋಬಾ ವೇಗದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸೆವಿಲ್‌ನಲ್ಲಿ ಕೆಡವಿದ ಮಸೀದಿಯ ಜಾಗವನ್ನು ನೋಡಿದ ಮರುದಿನವೇ, ಕೆಡವದೆ ನಡುವೆ ಕ್ಯಾಥೆಡ್ರಲ್ ಕಟ್ಟಿದ ಕಾರ್ಡೋಬಾದ ಮಸೀದಿಯನ್ನು ನೋಡುವುದು ಒಳ್ಳೆಯ ಅನುಕ್ರಮ. ನಿಮ್ಮ ಯೋಜನೆಯ ಆ ಭಾಗವನ್ನು ಬದಲಿಸಬೇಡಿ.