ಘಟ್ಟದಲ್ಲಿ ಕಾರು ಓಡಿಸಿಕೊಂಡು ರೈಲಿನ ಬೆನ್ನು ಹತ್ತಬೇಡಿ

ಸೋಮವಾರಪೇಟೆಯಿಂದ ಕಾರಲ್ಲಿ ಹೊರಟು, ಸಕಲೇಶಪುರ ಘಟ್ಟದಲ್ಲಿ ಹಳಿ ಪಕ್ಕ ಒಂದೇ ದಿನ ನಾಲ್ಕೈದು ಕಡೆ ನಿಂತು ರೈಲು ನೋಡಬಹುದೇ ಅಂತ ಕೇಳಿದ್ದೀರಿ. ಬೇಡ. ನಾವೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದೆವು.

ನಮ್ಮದು ಶನಿವಾರಸಂತೆ ಕಡೆ. ಕೊಡಗಿನಲ್ಲಿ ಒಂದು ಮೊಳ ಹಳಿಯೂ ಇಲ್ಲ. ನಮ್ಮ ಅಜ್ಜಿ ರೈಲನ್ನು ಕಂಡಿದ್ದು ಟಿವಿಯಲ್ಲಿ ಮಾತ್ರ. ಕಾಫಿ ಕೊಯ್ಲು ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು ಕೊಡ್ಲಿಪೇಟೆ ಮೇಲೆ ಸಕಲೇಶಪುರಕ್ಕೆ ಹೋದೆವು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಬೆಂಚಿನ ಮೇಲೆ ಕೂತೆವು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಗಲು ರೈಲು ಬಂತು, ನಿಂತಿತು, ಹೋಯಿತು. ಅಜ್ಜಿ ಇನ್ನೊಂದು ನೋಡೋಣ ಅಂದರು. ಅಲ್ಲಿದ್ದ ನೌಕರರೊಬ್ಬರು, "ಕೆಳಗಿಂದ ಗೂಡ್ಸ್ ಹತ್ತಿ ಬರ್ತಾ ಇದೆ, ಇರಿ ಅಮ್ಮ" ಅಂದರು.

ನಾನು ಕಾಯಲಿಲ್ಲ. ಈಗ ಹೋದ ರೈಲನ್ನೇ ಕೆಳಗೆ ನೆಟ್ಟಣದಲ್ಲಿ, ಅಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ನಲ್ಲಿ, ಇನ್ನೊಮ್ಮೆ ಹಿಡಿಯುವ ಹಟ. ಘಟ್ಟದಲ್ಲಿ ರೈಲಿಗೆ ಗಂಟೆಗೆ 30 ಕಿ.ಮೀ. ಮಿತಿ, ಹಳಿಯ ದೂರ ಸುಮಾರು 55 ಕಿ.ಮೀ. ಹಾಗಾಗಿ ಎರಡು ಗಂಟೆ ಕೈಯಲ್ಲಿದೆ ಅಂದುಕೊಂಡೆ. ಲೆಕ್ಕ ಸರಿಯೇ ಇತ್ತು, ಆದರೆ ಅದರಲ್ಲಿ ರಸ್ತೆಯೇ ಇರಲಿಲ್ಲ. ಕೆಳಗಿಳಿಯುವ ಶಿರಾಡಿ ಘಟ್ಟದ ಹೆದ್ದಾರಿಯಲ್ಲಿ ಟ್ಯಾಂಕರ್, ಲಾರಿಗಳ ಸಾಲು. ಒಂದು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಲ್ಲಬೇಕು. ಅವತ್ತು ಹಾಗೇ ಆಯಿತು. ಮೇಲಾಗಿ ದೋಣಿಗಲ್ ದಾಟಿದ ಮೇಲೆ ಹೆದ್ದಾರಿಗೂ ಹಳಿಗೂ ಸಂಬಂಧವೇ ಇಲ್ಲ. ಹೆದ್ದಾರಿ ಕೆಂಪುಹೊಳೆ ಗುಂಟ ಇಳಿಯುತ್ತದೆ. ಹಳಿ ಎಡಕುಮೇರಿ, ಸಿರಿಬಾಗಿಲು ಅಂತ ಕಾಡೊಳಗೆ 57 ಸುರಂಗ ನುಗ್ಗಿ ಇಳಿಯುತ್ತದೆ. ಮ್ಯಾಪಿನಲ್ಲಿ ಎರಡೂ ಗೆರೆ ಅಕ್ಕಪಕ್ಕ ಕಾಣುತ್ತವೆ, ನಡುವೆ ಇರುವ ಹೊಳೆ, ಕಾಡು, ಕಡಿದಾದ ಗುಡ್ಡ ಕಾಣುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲದೆ ರೈಲು ಎಲ್ಲಿದೆ ಅನ್ನುವುದೂ ತಿಳಿಯಲಿಲ್ಲ. ನಾವು ನೆಟ್ಟಣ ಮುಟ್ಟುವಷ್ಟರಲ್ಲಿ ಅದು ದಾಟಿ ಹೋಗಿತ್ತು. ಅಜ್ಜಿಗೆ ತಿರುವುಗಳಲ್ಲಿ ವಾಂತಿಯಾಗಿ ಸುಸ್ತಾಗಿತ್ತು. ಸಕಲೇಶಪುರದ ಗೂಡ್ಸ್ ಕೂಡ ಕೈತಪ್ಪಿತು.

ಕೈತಪ್ಪಿದ್ದು ಏನು ಅಂತ ಹೇಳಲೇಬೇಕು. ಆ ಘಟ್ಟದ ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಮೇಲೇರುತ್ತದೆ. ಮುಂದಿನ ಇಂಜಿನ್ ಒಂದರಿಂದಲೇ ಭಾರದ ಗಾಡಿ ಹತ್ತುವುದಿಲ್ಲ. ನೆಟ್ಟಣದಲ್ಲಿ ಹಿಂದೆ ಬ್ಯಾಂಕರ್ ಇಂಜಿನ್‌ಗಳನ್ನು ಕಟ್ಟುತ್ತಾರೆ, ಅವು ಸಕಲೇಶಪುರದವರೆಗೆ ನೂಕಿಕೊಂಡು ಬರುತ್ತವೆ. ಹತ್ತಿ ಬಂದ ಗಾಡಿ ಮುಂದೆಯೂ ಹಿಂದೆಯೂ ಗುಡುಗುತ್ತಾ ಸ್ಟೇಷನ್ ಸೇರುವುದನ್ನು ಒಮ್ಮೆ ನೋಡಿದರೆ ಹಳಿ ಪಕ್ಕದ ನಾಲ್ಕೈದು ಜಾಗದ ಆಸೆ ನಿಮಗೇ ಹೋಗುತ್ತದೆ.

ಅದಕ್ಕೇ ಹೇಳುವುದು: ಸಕಲೇಶಪುರ ಇಲ್ಲವೇ ನೆಟ್ಟಣ, ಯಾವುದಾದರೂ ಒಂದನ್ನು ಹಿಡಿಯಿರಿ. ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲೇ ಕೂತುಬಿಡಿ. ಎರಡೂ ಕಡೆ ಕಾರು ಬಾಗಿಲಿನವರೆಗೆ ಹೋಗುತ್ತದೆ, ನೆರಳಿದೆ, ವಯಸ್ಸಾದವರಿಗೆ ಕೂರಲು ಜಾಗವಿದೆ. ಪ್ರಯಾಣಿಕರ ರೈಲುಗಳಲ್ಲಿ ಹೆಚ್ಚಿನವು ರಾತ್ರಿಯೇ ಘಟ್ಟ ದಾಟುತ್ತವೆ. ಹಗಲು ರೈಲಿನ ದಿನ ನೋಡಿಕೊಂಡೇ ಹೊರಡಿ. ಗೂಡ್ಸ್ ಗಾಡಿಗೆ ವೇಳಾಪಟ್ಟಿ ಇಲ್ಲ, ಆ್ಯಪಿನಲ್ಲೂ ಕಾಣುವುದಿಲ್ಲ. ಸ್ಟೇಷನ್‌ನವರನ್ನು ಮರ್ಯಾದೆಯಿಂದ ಕೇಳಿದರೆ ಹೇಳುತ್ತಾರೆ.

ಎಡಕುಮೇರಿಗೆ ಹಳಿ ಮೇಲೆ ನಡೆದು ಹೋಗಿ ಅನ್ನುವವರ ಮಾತು ಕೇಳಲೇಬೇಡಿ. ಅದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಿಗುವುದೂ ಕಷ್ಟ.

ಬಯಲಲ್ಲಿ ನೋಡಬೇಕೆಂದರೆ ಹುಣಸೂರು, ಕೆ.ಆರ್. ನಗರದ ಮೇಲೆ ಸಾಗರಕಟ್ಟೆಗೆ ಹೋಗಿ. ಮೈಸೂರು–ಹಾಸನ ರೈಲು ಅಲ್ಲಿ ಕೆ.ಆರ್.ಎಸ್. ಹಿನ್ನೀರು ದಾಟುತ್ತದೆ. ಘಟ್ಟಕ್ಕೇ ಹೋಗುವುದಾದರೆ ಮಳೆಗಾಲ ಬಿಡಿ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗ ಆ ಹಳಿಗೂ ಮಣ್ಣು ಬಿದ್ದು ವಾರಗಟ್ಟಲೆ ರೈಲೇ ಓಡಲಿಲ್ಲ.